ಹಸಿ ಬದುವಿನ ಏಡಿ

ರೀ,

ನೈಟ್ ಶಿಫ್ಟ್ ಮುಗಿಸಿ ಬಂದೋರು ನೇರ ಮಲಗಿಬಿಡ್ಬೇಡಿ. ಮುದ್ದೆ, ಉಪ್ಸಾರು ಒಲೆ ಪಕ್ಕ ಮುಚ್ಚಿಟ್ಟಿದೀನಿ. ಉಂಡು ಗದ್ದೆ ಹತ್ರ ಬನ್ನಿ. ಬರ್ತಾ ಸೈಕಲ್ ಮೇಲೆ ಒಂದು ಹೊರೆ ಹೊಂಗೆ ಸೊಪ್ಪು ಹೇರ್ಕೊಂಡು ಬನ್ನಿ, ಗೊಬ್ಬರಕ್ಕೆ ಅಂತ ಕೆಸರಲ್ಲಿ ತುಳಿಯೋಕೆ ಇರೋದು ಸಾಲ್ದು.

ನಿನ್ನೆ ಅತ್ತೆ ಮಟ್ಟ ಮಾಡಿದ ಗದ್ದೆ ನೋಡ್ಬೇಕಿತ್ತು ನೀವು. ತಟ್ಟೇಲಿ ಸುರಿದಂಗೆ ನೀರು ಎಲ್ಲಾ ಕಡೆ ಒಂದೇ ಸಮ ನಿಂತಿತ್ತು. ಬದುವಿಗೆ ಕೆಸರು ಮೆತ್ತಿ, ಮಗುಗೆ ಎಣ್ಣೆ ಹಚ್ಚೋ ಹಂಗೆ ಅಂಗೈಲಿ ಸವರಿದ್ರು. ಬೆಳಿಗ್ಗೆ ಹೋಗಿ ನೋಡಿದ್ರೆ ಅರ್ಧ ನೀರು ಸೋರಿಹೋಗಿದೆ! ಸಂಜೆ ಯಾರೋ ಬಸ್ಸು ಹಿಡಿಯೋ ಅವಸರದಲ್ಲಿ ಹಸಿ ಬದು ತುಳ್ಕೊಂಡು ಹೋಗಿದಾರೆ.

ಈ ವಯಸ್ಸಲ್ಲಿ ಸೊಂಟ ಬಗ್ಗಿಸಿ ಅತ್ತೆ ಮತ್ತೆ ಎಲ್ಲಾ ಮೆತ್ತಿದ್ರು, ಒಂದು ಸಲಾನೂ ಗೊಣಗಲಿಲ್ಲ. ಯಾರು ಹಿಂಗ್ ಮಾಡಿದ್ದು ಅಂದ್ರೆ, "ಏಡಿ ಕಣಮ್ಮಿ, ಇಂಗೇ ತೂತು ಮಾಡ್ತಾವೆ" ಅಂದ್ರು. ನನ್ನ ಕಣ್ಣಿಗೆ ಬೀಳೋ ಮುಂಚೆ ಹೆಜ್ಜೆ ಗುರುತೆಲ್ಲಾ ಸವರಿ ಅಳಿಸಿದ್ರು. ಅಂಥ ಹೆಂಗಸು ಕಣ್ರೀ ನಿಮ್ಮಮ್ಮ! ಆದ್ರೆ ಒಂದು ಉಳ್ಕೊಂಡಿತ್ತು. ಕಂಪನಿ ಬೂಟಿನ ಹಿಮ್ಮಡಿ.

ನಾನೂ ಹೂಂ, ಏಡಿನೇ ಅಂದೆ.

ಆ ಏಡಿ ಇವತ್ತು ಬೂಟು ಬಿಚ್ಚಿಟ್ಟು ಬರ್ಲಿ.