ಫ್ರೀಜರಿನ ಬೇರೆ ಬಾಗಿಲು

ಸಿಂಗಾನಲ್ಲೂರು,
31-8-2024

ಪ್ರೀತಿಯ ಇವರಿಗೆ,

ರಾಜಮಂಡ್ರಿಯ ಊಟ ಹೊಟ್ಟೆಗೆ ಒಗ್ಗಿತೆ? ಖಾರ ಜಾಸ್ತಿಯೆಂದು ಬರೀ ಮೊಸರನ್ನ ತಿಂದುಕೊಂಡಿರಬೇಡಿ. ಪಂಪು ಕೂಡಿಸುವ ಕೆಲಸ ಮುಗಿಯುವ ಲಕ್ಷಣವಿದೆಯೆ? ಫೋನಿನಲ್ಲಿ ನಾನು ಬೈಯಲು ಶುರುಮಾಡಿದರೆ ಸಾಕು, ನಿಮ್ಮ ಸಿಗ್ನಲ್ ಹೋಗಿಬಿಡುತ್ತದೆ. ಅದಕ್ಕೇ ಈ ಕಾಗದ.

ವಿಷಯ ನಿಮ್ಮ ಅಮ್ಮನದು. ರಾಯರ ಆರಾಧನೆಗೆ ಮಡಿಯೆಂದು ಅತ್ತೆ ಫ್ರಿಜ್ಜನ್ನೆಲ್ಲ ತೊಳೆದರು. ಒಳ್ಳೆಯದೇ. ಆದರೆ ನೈವೇದ್ಯದ ಹಾಲಿನ ಪಕ್ಕ ಸೂಜಿ ಇರಬಾರದೆಂದು ನನ್ನ ಇಂಜೆಕ್ಷನ್ ಪೆನ್ನುಗಳನ್ನು, ತಿಂಗಳಿಗಾಗುವಷ್ಟನ್ನೂ, ಎತ್ತಿ ಫ್ರೀಜರಿಗೆ ತುಂಬಿದರು! ಕೇಳಿದರೆ, "ಅದಕ್ಕೆ ಬೇರೆ ಬಾಗಿಲಿದೆಯಲ್ಲೇ ಪದ್ಮಾ, ಬೇರೆ ರೂಮ್ ದಾನೆ, ಅಲ್ವೇ? ಮೈಲಿಗೆ ಹೆಂಗೆ ತಾಕತ್ತೆ? ತಣ್ಣಗಿರಬೇಕು ಅಂತ ನೀನೇ ಅಂದೆ." ಅನ್ನುತ್ತಾರೆ. ನೀವಾದರೋ ತಾಯಿಗೆ ತಕ್ಕ ಮಗ, "ಕರಗಿದ ಮೇಲೆ ಹಾಕ್ಕೋ, ಏನಾಗುತ್ತೆ" ಎಂದಿರಿ. ಅದೇನು ಕುಲ್ಫಿಯೆ? ಒಮ್ಮೆ ಹೆಪ್ಪುಗಟ್ಟಿದರೆ ಆ ಔಷಧಿ ಕೆಟ್ಟಂತೆ, ಕರಗಿದರೂ ಎಸೆಯಬೇಕು. ನನ್ನ ನರಗಳ ತೊಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾದಾಗಲೇ ನರ್ಸ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ನೀವು ಆಗ ಫೋನ್ ನೋಡುತ್ತಿದ್ದಿರಿ.

ಗಾಂಧಿಪುರಂ ಮೆಡಿಕಲ್ ಶಾಪಿಗೆ ಹೊಸ ಪೆನ್ನು ಚೆನ್ನೈಯಿಂದ ಬರುವಷ್ಟರಲ್ಲಿ ಒಂದು ವಾರದ ಡೋಸ್ ತಪ್ಪಿಹೋಯಿತು. ತಪ್ಪಿದ್ದನ್ನು ಸೇರಿಸಿ ಎರಡು ಚುಚ್ಚಿಕೊಳ್ಳಬೇಡಿ ಎಂದರು ಡಾಕ್ಟರ್. ಅತ್ತೆಗೆ ಅದೂ ಸರಿಬರಲಿಲ್ಲ. ಬಿಟ್ಟುಹೋದ ಜಪವನ್ನು ಮರುದಿನ ಸೇರಿಸಿ ಮಾಡುವುದಿಲ್ಲವೆ ಅನ್ನುತ್ತಾರೆ!

ನಿನ್ನೆ ಪೆನ್ನನ್ನು ಹೊರಗಿಟ್ಟು, ತಂಪು ಬಿಡಲೆಂದು ಅರ್ಧ ಗಂಟೆ ಕಾದೆ. ಅಷ್ಟು ಹೊತ್ತೂ "ಕೆಟ್ಟುಹೋಗತ್ತೆ, ಒಳಗಿಡು" ಎಂದು ಗೊಣಗಿದ್ದೇ ಗೊಣಗಿದ್ದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಹೋದ ಸಲ ಎಡತೊಡೆಗೆ ಹಾಕಿಕೊಂಡಿದ್ದೆ, ಈ ಸಲ ಬಲಕ್ಕೆ. ಚುಚ್ಚಿಯಾದ ಪೆನ್ನನ್ನು ಅತ್ತೆಯೇ ಇಸಿದುಕೊಂಡು, ಸೂಜಿಗೆಂದು ಇಟ್ಟ ಗಟ್ಟಿ ಡಬ್ಬಿಗೆ ಹಾಕಿದರು. ಆಮೇಲೆ ಹೋಗಿ ಮತ್ತೆ ತಲೆಗೆ ನೀರು ಹಾಕಿಕೊಂಡು ಬಂದರು, ಈ ವಯಸ್ಸಿನಲ್ಲಿ! ನನಗೆ ಸಿಟ್ಟೂ ಬರುತ್ತದೆ, ಪಾಪ ಅಂತಲೂ ಅನಿಸುತ್ತದೆ.

ಅತ್ತೆಯ ಆಶೀರ್ವಾದಗಳು ನಿಮಗೆ. ನನ್ನ ಕಡೆಯಿಂದ ಸದ್ಯಕ್ಕೆ ಕೋಪ ಮಾತ್ರ.

ನಿಮ್ಮ
ಪದ್ಮಪ್ರಿಯಾ

ಇನ್ನೊಂದು ಮಾತು: ಗುರುವಾರದಿಂದ ಬಲಗಾಲಿನ ಬೆರಳುಗಳಿಗೆ ನೆಲ ತಿಳಿಯುತ್ತಿಲ್ಲ. ಅತ್ತೆ ಪಕ್ಕದಲ್ಲೇ ಇರುತ್ತಾರೆ, ಫೋನಿನಲ್ಲಿ ಹೇಳಲಾಗಲಿಲ್ಲ. ಡೋಸ್ ತಪ್ಪಿದ್ದಕ್ಕೇ ಎಂದು ಡಾಕ್ಟರ್ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಬರುವ ಶುಕ್ರವಾರ ಸ್ಕ್ಯಾನ್. ಅಷ್ಟರಲ್ಲಿ ಬಂದುಬಿಡಿ, ನನಗೆ ಭಯವಾಗುತ್ತಿದೆ. ಅತ್ತೆ ಕೇಳಿದರೆ ರಜೆ ಸಿಕ್ಕಿತು ಎನ್ನಿ. ನಿಜ ಗೊತ್ತಾದರೆ ಅವರು ಅನ್ನ ಬಿಡುತ್ತಾರೆ.