ತದಡಿಯಿಂದ ಗೋಕರ್ಣದವರೆಗೆ

ನರಸಿಂಹರಾಜಪುರ
೧೭ ಜನವರಿ ೨೦೦೭

ಪ್ರೀತಿಯ ಯಜಮಾನರಿಗೆ,

ನಿಮ್ಮ ಕಲ್ಲಮ್ಮನ ನಮಸ್ಕಾರ. ಮಂಡಿ ಹೇಗಿದೆ? ಆಪರೇಶನ್ ಗಾಯ ಒಣಗಿತೇ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀರೋ, ಇಲ್ಲ ನಿಮ್ಮ ತಮ್ಮ ರೇಣುಕಪ್ಪನ ಜಗಲಿಯಲ್ಲಿ ಕೂತು ದಾವಣಗೆರೆಯ ರಾಜಕೀಯ ಸರಿಮಾಡುತ್ತಿದ್ದೀರೋ? ಇಲ್ಲಿ ಬಟ್ಟೆ ಅಂಗಡಿಯನ್ನು ಮಗ ಕಲ್ಲೇಶ ನೋಡಿಕೊಳ್ಳುತ್ತಿದ್ದಾನೆ. ನಿಮ್ಮಷ್ಟು ಮಾತಾಡುವುದಿಲ್ಲ, ಗಿರಾಕಿಗಳಿಗೆ ಅದೇ ಬೇಸರ.

ನೀವು ಹಟ ಹಿಡಿದಿರೆಂದು ಮೇಗುಂದದ ನಿಮ್ಮ ಅಕ್ಕ ಪುಟ್ಟಕ್ಕನನ್ನು ಕರೆದುಕೊಂಡು ಕಡಲತಡಿಗೆ ಹೋಗಿಬಂದೆ. ಮಲ್ಪೆಯಿಂದ ಶುರುಮಾಡಿ, ಅಂಗಡಿಗೆ ಬಿಡುವಾದಾಗೆಲ್ಲ ತುಂಡು ತುಂಡಾಗಿ ನೀವೂ ನಾನೂ ದಂಡೆಯಲ್ಲಿ ನಡೆದುಕೊಂಡು ಬರುವಾಗ ಕುಮಟಾದಲ್ಲಿ ನಿಮ್ಮ ಮಂಡಿ ಮುಷ್ಕರ ಹೂಡಿತಲ್ಲ, ಅಲ್ಲಿಂದಲೇ ಹೊರಟೆವು. "ನನ್ನ ನಡಿಗೆ ಮುಗೀತು ಮಾರಾಯ್ತಿ, ಕಾರವಾರದವರೆಗೆ ನೀನೇ ಮುಗಿಸು" ಅಂದಿರಿ. ನಡೆಯಬಹುದು ಅಂತ ಡಾಕ್ಟರೇ ಹೇಳುವಾಗ ನೀವು ಆಗದು ಅನ್ನುವುದು ನನಗೆ ಒಂದಿಷ್ಟೂ ಹಿಡಿಸಲಿಲ್ಲ.

ಪುಟ್ಟಕ್ಕ ಹೊರಡುವ ಮೊದಲು ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡರು. ನಮ್ಮ ಕಾಡಿನ ಹಾಗೆ ಕಾಲಿಗೆ ಹತ್ತಿ ರಕ್ತ ಹೀರಲು ಮರಳಿನಲ್ಲಿ ಎಲ್ಲಿಯ ಉಂಬಳ! ನಕ್ಕೂ ನಕ್ಕೂ ನನಗೆ ಸಾಕಾಯಿತು. ಆಮೇಲೆ ನನ್ನ ಸರದಿ ಬಂತು. ದಾರಿಯಲ್ಲಿ ಒಂದು ಸಣ್ಣ ಹೊಳೆ ಕಡಲು ಸೇರುತ್ತದೆ. ನಡುವಿನ ಮರಳ ದಿಬ್ಬಕ್ಕೆ ಹೋಗಲು ಪಾದ ಮುಳುಗುವಷ್ಟೇ ನೀರು. ಚೀಲ, ಚಪ್ಪಲಿ ದಿಬ್ಬದ ಮೇಲಿಟ್ಟು, ಮಿಂದು, ಇಬ್ಬರೂ ಕಣ್ಣುಮುಚ್ಚಿ ಲಿಂಗಪೂಜೆಗೆ ಕೂತೆವು. ಪುಟ್ಟಕ್ಕನಿಗೆ ಅನುಮಾನವಿತ್ತು. ಮಳೆಯಿಲ್ಲದೆ ನೀರು ಏರುವುದುಂಟೇ ಅಂದವಳು ನಾನೇ. ನಮ್ಮ ಭದ್ರಾ ಹಿನ್ನೀರು ಮಾಗಿಯಲ್ಲಿ ಎಂದಾದರೂ ಏರಿದೆಯೇ, ನೀವೇ ಹೇಳಿ. ಕಣ್ಣು ಬಿಟ್ಟಾಗ ಸೀರೆ ತೇಲುತ್ತಿತ್ತು, ಕಡುಬಿನ ಚೀಲ ಅರಬ್ಬಿ ಸಮುದ್ರಕ್ಕೆ ಹೊರಟಿತ್ತು. ಆಚೆ ದಡದಿಂದ ಒಬ್ಬ ಮೀನುಗಾರ್ತಿ, "ಭರತ ಬಂತು, ಕಡಲ ನೀರು ಏರ್ತದೆ, ಏಳಿ ಅಮ್ಮಾ!" ಎಂದು ಕೂಗುತ್ತಾ ಬಂದು ಇಬ್ಬರ ಕೈಹಿಡಿದು ದಾಟಿಸಿದಳು. ದಡದಲ್ಲಿ ಒದ್ದೆ ಸೀರೆಯಲ್ಲಿ ಕೂತು ಮೊದಲು ನಕ್ಕೆ, ಆಮೇಲೆ ಅಳು ಬಂತು. ನೀವಿದ್ದಿದ್ದರೆ ಈ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ ನನ್ನ ಮಾನ ಕಳೆಯುತ್ತಿದ್ದಿರಿ. ಹೇಳುವವರಿಲ್ಲದೆ ಅದು ಬರೀ ಒದ್ದೆ ಸೀರೆಯಾಯಿತು.

ಮಾರನೆಯ ದಿನ ಅಘನಾಶಿನಿಯಲ್ಲಿ ದೋಣಿ ಹತ್ತಿ ತದಡಿಯಲ್ಲಿ ಇಳಿದೆವು. ಸಂಜೆಗೆ ಗೋಕರ್ಣ ಮುಟ್ಟಿ, ದರ್ಶನ ಮಾಡಿಕೊಂಡು ಊರಿಗೆ ಬಂದೆವು. ಪುಟ್ಟಕ್ಕ ಈಗ ಕೊಪ್ಪದ ಪೇಟೆಯಲ್ಲೆಲ್ಲ ಕಡಲಿನ ವಿಷಯ ತಿಳಿದವರ ಹಾಗೆ ಓಡಾಡುತ್ತಿದ್ದಾರೆ.

ರೇಣುಕಪ್ಪನ ಮನೆಯವರನ್ನೆಲ್ಲ ಕೇಳಿದೆನೆಂದು ಹೇಳಿ, ಮಕ್ಕಳಿಗೆ ನನ್ನ ಆಶೀರ್ವಾದ. ರಾತ್ರಿ ಮೊಸರು ಬೇಡ.

ನಿಮ್ಮ
ಕಲ್ಲಮ್ಮ

ತಾ.ಕ.: ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ತದಡಿಯಿಂದ ಗೋಕರ್ಣಕ್ಕೆ ಪುಟ್ಟಕ್ಕ ನಡೆದರು, ನಾನು ಬಸ್ಸು ಹತ್ತಿದೆ. ನನ್ನ ಕಾಲು ಚೆನ್ನಾಗಿಯೇ ಇತ್ತು. ಅಷ್ಟು ದಾರಿಯನ್ನು ಬೇಕೆಂದೇ ಬಿಟ್ಟು ಬಂದಿದ್ದೇನೆ. ದೂರವಿಲ್ಲ, ಅಲ್ಲಲ್ಲಿ ಕೂರಲು ನೆರಳಿದೆಯಂತೆ. ನೀವು ಬಾರದೆ ನಾನು ಅದನ್ನು ನಡೆಯುವುದಿಲ್ಲ, ಕಾರವಾರವೂ ಬೇಡ. ಈ ಪತ್ರ ಕೆಳಗಿಟ್ಟು ಒಮ್ಮೆ ಮಂಡಿ ಮಡಚಿ.