ಬಾಗಿಲ ಪಕ್ಕದ ಸಾಲು

ಅಮ್ಮಾ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಪತ್ರ. ಹರಿದುಹಾಕುವ ಮುಂಚೆ ಒಮ್ಮೆ ಓದು.

ನಮ್ಮ ಕಡೆ ಹಗಲು ಹೆಚ್ಚೆಂದರೆ ಹದಿಮೂರು ಗಂಟೆ. ಅಷ್ಟು ಬೆಳಕು ಸಾಲದೆ ನನ್ನ ಆಲೂಗಡ್ಡೆ ಗಿಡಗಳು ಮೊಗ್ಗು ಉದುರಿಸಿಬಿಡುತ್ತವೆ. ಹೂವಿಲ್ಲದಿದ್ದರೆ ಬೀಜವಿಲ್ಲ, ಬೀಜ ಸಿಗದಿದ್ದರೆ ಹೊಸ ತಳಿ ಮಾಡುವ ನನ್ನ ಕೆಲಸಕ್ಕೇ ಕಲ್ಲು. ಅದಕ್ಕೆ ಸಂಜೆ ಗಾಜಿನ ಮನೆಯಲ್ಲಿ ನಾಲ್ಕು ಗಂಟೆ ಹೆಚ್ಚಿಗೆ ದೀಪ ಉರಿಸುತ್ತೇನೆ. ನೀನು ಇಲ್ಲಿದ್ದ ಒಂದೂವರೆ ತಿಂಗಳೂ, ನಾನು ಮನೆಗೆ ಬಂದ ಮೇಲೆ ನೀನು ಅತ್ತ ವಾಕಿಂಗ್ ಹೋಗಿ, ಕೈಗೆಟುಕಿದ ಬಾಗಿಲ ಪಕ್ಕದ ಸಾಲಿನ ದೀಪವನ್ನು ದಿನಾ ಆರಿಸಿದ್ದೆ. ಕೇಳಿದರೆ, "ಯಾರೂ ಇಲ್ದಿರೋ ಕಡೆ ಲೈಟ್ ಯಾಕೆ ಉರೀಬೇಕು?" ಅಂದೆ. ನಾನು ಬಾಯಿಗೆ ಬಂದಂತೆ ಬೈದೆ. ನೀನು ಮಾರನೆಯ ದಿನವೇ ಗಂಟುಮೂಟೆ ಕಟ್ಟಿದೆ.

ಈಗ ಕೇಳು. ದೀಪವಿದ್ದ ಸಾಲುಗಳೆಲ್ಲ ಹೂ ಬಿಟ್ಟು, ಗೋಲಿಯಂಥ ಹಸಿರು ಕಾಯಿ ಕಟ್ಟಿವೆ. ಬಾಗಿಲ ಪಕ್ಕದ ಸಾಲಿನಲ್ಲಿ ಹೆಸರಿಗೂ ಒಂದು ಹೂವಿಲ್ಲ. ಗೆಡ್ಡೆ ಮಾತ್ರ ಎಲ್ಲಕ್ಕಿಂತ ಬೇಗ ಬಲಿತಿದೆ. ನಿನ್ನೆ ಬಂದ ನಮ್ಮ ಸಂಶೋಧನಾ ಕೇಂದ್ರದ ಡೈರೆಕ್ಟರು ಅದರ ಮುಂದೆಯೇ ನಿಂತುಬಿಟ್ಟರು.

"ಹೂವಿಗೆ ದೀಪವೇ ಕಾರಣ ಅನ್ನೋಕೆ ಇದೇ ಸಾಕ್ಷಿ. ಒಂದು ಸಾಲು ಕತ್ತಲಲ್ಲಿ ಬಿಡಬೇಕು ಅಂತ ಹೊಳೀತಲ್ಲ ನಿಮಗೆ, ಭೇಷ್!" ಅಂದರು.

ನನಗೆಲ್ಲಿ ಹೊಳೆದಿತ್ತು? "ಅದು ನಮ್ಮಮ್ಮನ ಸಾಲು ಸಾರ್," ಅಂದೆ.

ಮುಂದಿನ ನಾಟಿ ಹದಿನೈದಕ್ಕೆ. ಬರುವಾಗ ನನ್ನ ಹಳೇ ಸ್ವೆಟರ್ ತಾ. ಆ ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದ್ದೇನೆ: "ಅಮ್ಮ ಬಿಟ್ಟು ಬೇರೆ ಯಾರೂ ಮುಟ್ಟಬಾರದು."

ನಿನ್ನ ಜಗಳಗಂಟಿ